ಸಣ್ಣ ವ್ಯಾಪಾರದ ಸಾಮಾಜಿಕ ಜಾಲತಾಣ ಖಾತೆಗಳನ್ನು ಒಂದಕ್ಕೊಂದು ಜೋಡಿಸುವ ಕ್ರಮ

ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನ ಅಂಗಡಿಯಾಗಲಿ, ಮಂಡ್ಯದ ಕಡೆಯ ಆಲೆಮನೆಯಿಂದ ನೇರವಾಗಿ ಬೆಲ್ಲ ಮಾರುವ ಕುಟುಂಬವಾಗಲಿ, ಕುವೆಂಪುನಗರದ ಮನೆಯಲ್ಲೇ ಹಪ್ಪಳ, ಸಂಡಿಗೆ, ಸಾರಿನ ಪುಡಿ ಮಾಡಿಕೊಡುವ ಗೃಹಿಣಿಯಾಗಲಿ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರರಲ್ಲೂ ಖಾತೆ ಹೊಂದಿರುವುದು ಈಗ ಸಾಮಾನ್ಯ. ಆದರೆ ಈ ಖಾತೆಗಳು ಬಹುಪಾಲು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರ ಕೈಯಿಂದ, ಬೇರೆ ಬೇರೆ ಮೊಬೈಲ್ ನಂಬರ್ ಕೊಟ್ಟು ತೆರೆದಂಥವು. ಹಾಗಾಗಿ ಇನ್‌ಸ್ಟಾಗ್ರಾಂನಲ್ಲಿ ಸೀರೆ ಮೆಚ್ಚಿದವರಿಗೆ ಬೆಲೆ ಕೇಳಲು ನಂಬರ್ ಸಿಗುವುದಿಲ್ಲ, ಫೇಸ್‌ಬುಕ್ ಪುಟದಲ್ಲಿ ಸಿಕ್ಕ ನಂಬರ್ ಚಾಲ್ತಿಯಲ್ಲಿರುವುದಿಲ್ಲ, ಗೂಗಲ್ ಮ್ಯಾಪ್ ನಂಬಿ ಹೋದವರು ಅಂಗಡಿ ಖಾಲಿಮಾಡಿದ ಹಳೆಯ ಜಾಗದ ಮುಂದೆ ನಿಲ್ಲಬೇಕಾಗುತ್ತದೆ. ಕೊಳ್ಳಲು ಮನಸ್ಸು ಮಾಡಿದ ಗ್ರಾಹಕರು ದಾರಿಯಲ್ಲೇ ಕೈತಪ್ಪಿ ಹೋಗುವುದು ಹೀಗೆ.

ಖಾತೆಗಳನ್ನು ಜೋಡಿಸುವ ಕೆಲಸ ಕಷ್ಟದ್ದಲ್ಲ. ಎಲ್ಲವೂ ಸಿದ್ಧವಾಗಿದ್ದರೆ ಗುಂಡಿಗಳನ್ನು ಒತ್ತುವುದು ಸ್ವಲ್ಪ ಹೊತ್ತಿನ ಮಾತು. ಕಷ್ಟವಿರುವುದು ಅದಕ್ಕೆ ಮೊದಲಿನ ಸಿದ್ಧತೆಯಲ್ಲಿ, ಅದರಲ್ಲೂ ಪ್ರತಿಯೊಂದು ಖಾತೆಯ ಒಡೆತನ ನಿಜವಾಗಿ ಯಾರದು ಎಂದು ಖಚಿತಪಡಿಸಿಕೊಳ್ಳುವುದರಲ್ಲಿ. ಒಡೆತನ ಸರಿಪಡಿಸದೆ ಖಾತೆಗಳನ್ನು ಬೆಸೆದರೆ ಒಂದರ ತೊಂದರೆ ಉಳಿದವಕ್ಕೂ ಹಬ್ಬುತ್ತದೆ. ಈ ಲೇಖನದ ದೊಡ್ಡ ಪಾಲು ಆ ಸಿದ್ಧತೆಗೇ ಮೀಸಲಾಗಿರುವುದಕ್ಕೆ ಅದೇ ಕಾರಣ.

ಜೋಡಣೆಯಲ್ಲಿ ಎರಡು ಬಗೆ

ಫೇಸ್‌ಬುಕ್ ಕಂಪನಿಯು 2012ರಲ್ಲಿ ಇನ್‌ಸ್ಟಾಗ್ರಾಂ ಅನ್ನು, 2014ರಲ್ಲಿ ವಾಟ್ಸಾಪ್ ಅನ್ನು ಕೊಂಡುಕೊಂಡು, 2021ರಲ್ಲಿ ಮೆಟಾ ಎಂದು ತನ್ನ ಹೆಸರು ಬದಲಿಸಿಕೊಂಡಿತು. ಮೂರಕ್ಕೂ ಒಡೆಯರು ಒಬ್ಬರೇ ಆದ್ದರಿಂದ ಅವುಗಳನ್ನು ಒಳಗಿನಿಂದಲೇ ಬೆಸೆಯಬಹುದು. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಚಿತ್ರ ತಾನಾಗಿ ಫೇಸ್‌ಬುಕ್ ಪುಟಕ್ಕೂ ಹೋಗುವುದು, ಎರಡೂ ಕಡೆಯ ಸಂದೇಶಗಳು ಒಂದೇ ಪೆಟ್ಟಿಗೆಗೆ ಬಂದು ಬೀಳುವುದು, ಪುಟದ ಮೇಲೆ ವಾಟ್ಸಾಪ್ ಗುಂಡಿ ಕಾಣುವುದು, ಇವೆಲ್ಲ ಆ ಬೆಸುಗೆಯ ಫಲ. ಇತ್ತ ಯೂಟ್ಯೂಬ್ 2006ರಿಂದ ಗೂಗಲ್‌ಗೆ ಸೇರಿದ್ದು. ಮ್ಯಾಪ್‌ನಲ್ಲಿ ಅಂಗಡಿಯನ್ನು ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಕೂಡ ಅದರದೇ. ಮೆಟಾದ ಖಾತೆಗಳಿಗೂ ಗೂಗಲ್‌ನ ಖಾತೆಗಳಿಗೂ ಇಂಥ ಬೆಸುಗೆ ಇಲ್ಲ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಲಿಂಕ್ ಕೊಡಬಹುದು, ಅಷ್ಟೇ.

ಈ ವ್ಯತ್ಯಾಸ ನೆನಪಿನಲ್ಲಿರಬೇಕು, ಏಕೆಂದರೆ ಲಿಂಕ್ ಕೆಟ್ಟುಹೋದರೆ ಯಾರೂ ಬಂದು ಹೇಳುವುದಿಲ್ಲ. ಗೂಗಲ್ ಸಂಸ್ಥೆಯು ಬಿಸಿನೆಸ್ ಪ್ರೊಫೈಲ್ ಜೊತೆಗೆ ಉಚಿತವಾಗಿ ಕೊಡುತ್ತಿದ್ದ ಒಂದು ಪುಟದ ವೆಬ್‌ಸೈಟ್‌ಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಆ ವಿಳಾಸವನ್ನು ಹಿಂದೆ ಇನ್‌ಸ್ಟಾಗ್ರಾಂನಲ್ಲಿ ಹಾಕಿಕೊಂಡು, ಆಮೇಲೆ ಮರೆತವರ ಲಿಂಕ್ ಈಗ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಖಾತೆಗಳಲ್ಲಿ ಅಂಥ ಹಳೆಯ ವಿಳಾಸ ಉಳಿದಿದ್ದರೆ ಮೊದಲು ಅದನ್ನು ತೆಗೆಯಿರಿ.

ಮೊದಲು ಒಡೆತನ

ಒಂದು ನೋಟ್‌ಬುಕ್ ತೆಗೆದುಕೊಂಡು, ವ್ಯಾಪಾರದ ಹೆಸರಿನಲ್ಲಿ ಇದುವರೆಗೆ ತೆರೆದ ಖಾತೆಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಎದುರಿಗೆ ಮೂರು ಸಂಗತಿ ದಾಖಲಾಗಬೇಕು: ಅದು ಯಾವ ಇಮೇಲ್‌ನಲ್ಲಿದೆ, ಯಾವ ಮೊಬೈಲ್ ನಂಬರಿಗೆ ಒಟಿಪಿ ಬರುತ್ತದೆ, ಈಗ ಯಾರ ಫೋನಿನಲ್ಲಿ ತೆರೆದಿದೆ. ಈ ಪಟ್ಟಿ ಬರೆಯುವಾಗಲೇ ಅನೇಕರಿಗೆ ನಿಜಸ್ಥಿತಿ ಗೊತ್ತಾಗುತ್ತದೆ. ಪುಟವನ್ನು ಮಾಡಿಕೊಟ್ಟದ್ದು ಅಣ್ಣನ ಮಗ, ಅವನೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಇನ್‌ಸ್ಟಾಗ್ರಾಂ ತೆರೆದದ್ದು ಅಂಗಡಿಯಲ್ಲಿದ್ದ ಹುಡುಗಿ, ಅವಳು ಮದುವೆಯಾಗಿ ಹೋದಳು. ವಾಟ್ಸಾಪ್ ಇರುವ ಸಿಮ್ ತೀರಿಕೊಂಡ ತಂದೆಯ ಹೆಸರಿನಲ್ಲಿದೆ. ಇವರಲ್ಲಿ ಯಾರೂ ಕೆಟ್ಟ ಉದ್ದೇಶದವರಲ್ಲ. ಆದರೂ ಒಂದು ದಿನ ಪಾಸ್‌ವರ್ಡ್ ಬೇಕಾದಾಗ ಅದು ಕೈಗೆ ಸಿಗದೆ ಹೋಗುವುದು ಹೀಗೆಯೇ. ಸಾಧ್ಯವಿರುವಾಗಲೇ ಅವರನ್ನು ಸಂಪರ್ಕಿಸಿ, ಎದುರು ಕೂರಿಸಿಕೊಂಡೋ ಫೋನಿನಲ್ಲೋ ಮಾತನಾಡುತ್ತ, ಇಮೇಲ್ ಮತ್ತು ನಂಬರನ್ನು ವ್ಯಾಪಾರದವಕ್ಕೆ ಬದಲಾಯಿಸಿಕೊಳ್ಳಿ.

ಇದಕ್ಕಾಗಿ ವ್ಯಾಪಾರಕ್ಕೆಂದೇ ಒಂದು ಜಿಮೇಲ್ ಖಾತೆಯೂ ಒಂದು ಸಿಮ್ ಕಾರ್ಡೂ ಇರುವುದು ಒಳ್ಳೆಯದು. ಸಿಮ್ ಮಾಲೀಕರ ಹೆಸರಿನಲ್ಲೇ ಇರಲಿ, ರೀಚಾರ್ಜ್ ತಪ್ಪದಿರಲಿ. ಪ್ರೀಪೇಯ್ಡ್ ಸಿಮ್ ಅನ್ನು 90 ದಿನ ಬಳಸದೆ ಬಿಟ್ಟರೆ ಕಂಪನಿ ಅದನ್ನು ರದ್ದುಮಾಡಬಹುದು, ಮುಂದೆ ಅದೇ ನಂಬರ್ ಬೇರೊಬ್ಬರ ಪಾಲಾಗಬಹುದು. ಆಗ ನಿಮ್ಮ ಖಾತೆಗಳ ಒಟಿಪಿಗಳೆಲ್ಲ ಅಪರಿಚಿತರ ಫೋನಿಗೆ ಹೋಗುತ್ತವೆ.

ಫೇಸ್‌ಬುಕ್ ಪುಟದ ವಿಷಯದಲ್ಲಿ ಒಂದು ಸಂಗತಿ ಹಲವರಿಗೆ ತಿಳಿದಿರುವುದಿಲ್ಲ. ಪುಟಕ್ಕೆ ತನ್ನದೇ ಆದ ಪಾಸ್‌ವರ್ಡ್ ಇರುವುದಿಲ್ಲ. ಯಾರಾದರೊಬ್ಬರ ವೈಯಕ್ತಿಕ ಫೇಸ್‌ಬುಕ್ ಖಾತೆಯ ಮೂಲಕವೇ ಅದು ನಡೆಯುತ್ತದೆ. ಆ ಒಬ್ಬರ ಖಾತೆ ಕಳವಾದರೆ ಅಥವಾ ಮುಚ್ಚಿಹೋದರೆ ಪುಟವೂ ಕೈಬಿಟ್ಟಂತೆಯೇ. ಆದ್ದರಿಂದ ಪುಟದ ಸೆಟ್ಟಿಂಗ್ಸ್‌ನಲ್ಲಿ ಪೇಜ್ ಆಕ್ಸೆಸ್ ಎಂಬಲ್ಲಿಗೆ ಹೋಗಿ, ಮಾಲೀಕರಿಗೂ ಮನೆಯ ಇನ್ನೊಬ್ಬ ನಂಬಿಕಸ್ಥರಿಗೂ ಪೂರ್ಣ ನಿಯಂತ್ರಣ, ಅಂದರೆ ಫುಲ್ ಕಂಟ್ರೋಲ್, ಕೊಡಿ. ಪೋಸ್ಟ್ ಹಾಕಲು, ಸಂದೇಶಗಳಿಗೆ ಉತ್ತರಿಸಲು ನೇಮಿಸಿಕೊಂಡವರಿಗೆ ಆ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಸಾಕು. ಪೂರ್ಣ ನಿಯಂತ್ರಣ ಪಡೆದವರು ಉಳಿದವರನ್ನು ಪುಟದಿಂದಲೇ ಹೊರಹಾಕಬಲ್ಲರು ಎಂಬುದನ್ನು ಮರೆಯಬಾರದು.

ಇದರ ಜೊತೆಗೇ ಪ್ರತಿ ಖಾತೆಯಲ್ಲೂ ಎರಡು ಹಂತದ ಪರಿಶೀಲನೆಯನ್ನು, ಅಂದರೆ ಪಾಸ್‌ವರ್ಡ್ ಅಥವಾ ಒಟಿಪಿಯ ಜೊತೆಗೆ ಇನ್ನೊಂದು ಗುಟ್ಟಿನ ಸಂಖ್ಯೆ ಕೇಳುವ ವ್ಯವಸ್ಥೆಯನ್ನು, ಚಾಲೂ ಮಾಡಿ. ವಾಟ್ಸಾಪ್‌ನಲ್ಲಿ ಅದು 6 ಅಂಕಿಯ ಪಿನ್ ರೂಪದಲ್ಲಿರುತ್ತದೆ. ಗೂಗಲ್ ಖಾತೆಯಲ್ಲಿ, ಫೋನ್ ಕೈಯಲ್ಲಿಲ್ಲದಾಗ ಒಳಹೋಗಲು ಬಳಸುವ 8 ಅಂಕಿಯ 10 ಬ್ಯಾಕಪ್ ಕೋಡ್‌ಗಳನ್ನು ಪಡೆದುಕೊಳ್ಳಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳೂ ಇಂಥ ಕೋಡ್‌ಗಳನ್ನು ಕೊಡುತ್ತವೆ. ಇವುಗಳನ್ನು ಫೋನಿನಲ್ಲೇ ಇಟ್ಟರೆ ಫೋನ್ ಕಳೆದ ದಿನ ಪ್ರಯೋಜನಕ್ಕೆ ಬರುವುದಿಲ್ಲ. ಕಾಗದದಲ್ಲಿ ಬರೆದು, ಅಂಗಡಿಯ ಪರವಾನಗಿ ಪತ್ರಗಳಿರುವ ಕಡೆ ಭದ್ರವಾಗಿಡಿ.

ಹೆಸರು, ವಿಳಾಸ, ನಂಬರ್

ಎಲ್ಲ ಖಾತೆಗಳಲ್ಲೂ ಹೆಸರು ಒಂದೇ ಆಗಿರಬೇಕು. ಇನ್‌ಸ್ಟಾಗ್ರಾಂನ ಯೂಸರ್‌ನೇಮ್‌ನಲ್ಲಿ 30 ಅಕ್ಷರಗಳ ಮಿತಿಯಿದೆ. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆ ಬಿಟ್ಟರೆ ಬೇರೇನನ್ನೂ ಅದು ಒಪ್ಪುವುದಿಲ್ಲ. ಹಾಗಾಗಿ ನಮ್ಮ ಊರಿನವರಿಗೆ ಒಂದು ವಿಶೇಷ ತೊಡಕು ಎದುರಾಗುತ್ತದೆ. 2014ರ ನವೆಂಬರ್ 1ರಿಂದ ಮೈಸೂರಿನ ಹೆಸರಿನ ಇಂಗ್ಲಿಷ್ ಬರಹ ಮೈಸೋರ್ (Mysore) ಎಂಬುದರಿಂದ ಮೈಸೂರು (Mysuru) ಎಂದು ಅಧಿಕೃತವಾಗಿ ಬದಲಾಗಿದ್ದರೂ ಹೊರಗಿನ ಪ್ರವಾಸಿಗರಲ್ಲಿ ಅನೇಕರು ಹಳೆಯ ರೂಪದಲ್ಲೇ ಹುಡುಕುತ್ತಾರೆ. ಒಂದು ಖಾತೆಯಲ್ಲಿ ಹಳೆಯ ರೂಪ, ಇನ್ನೊಂದರಲ್ಲಿ ಹೊಸ ರೂಪ ಹಾಕಿದರೆ ಗ್ರಾಹಕರಿಗೆ ಇವು ಎರಡು ಅಂಗಡಿಗಳೆಂಬ ಅನುಮಾನ ಬರುತ್ತದೆ. ಯಾವುದಾದರೂ ಒಂದನ್ನು ಆರಿಸಿಕೊಂಡು ಎಲ್ಲ ಕಡೆಯೂ ಅದನ್ನೇ ಬಳಸಿ, ಇನ್ನೊಂದು ರೂಪವನ್ನು ಪರಿಚಯದ ಸಾಲುಗಳಲ್ಲಿ ಎಲ್ಲಾದರೂ ಸೇರಿಸಿ. ಕಾಣಿಸುವ ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಅಥವಾ ಎರಡೂ ಲಿಪಿಗಳಲ್ಲಿ ಬರೆಯಬಹುದು.

ಹೆಸರು ಆರಿಸುವಾಗ ಇನ್ನೊಂದು ಎಚ್ಚರಿಕೆ ಬೇಕು. ಮೈಸೂರು ಸಿಲ್ಕ್, ಮೈಸೂರು ಅಗರಬತ್ತಿ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಇವೆಲ್ಲ ಭೌಗೋಳಿಕ ಸೂಚಿಕೆ, ಅಂದರೆ ಒಂದು ಪ್ರದೇಶದ ವಿಶಿಷ್ಟ ಸರಕಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ, ಪಡೆದ ಹೆಸರುಗಳು. ಮೈಸೂರು ಸಿಲ್ಕ್‌ನ ನೋಂದಣಿ ಸರ್ಕಾರಿ ಸಂಸ್ಥೆಯಾದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಹೆಸರಿನಲ್ಲಿದೆ. ಬೇರೆ ಕಡೆಯ ರೇಷ್ಮೆ ಸೀರೆ ಮಾರುವವರು ಅದೇ ಹೆಸರನ್ನು ತಮ್ಮ ಖಾತೆಗೆ ಇಟ್ಟುಕೊಂಡರೆ ಕಾನೂನಿನ ತಕರಾರು ಬರಬಹುದು. ಐದು ಕಡೆ ಜೋಡಿಸಿದ ಮೇಲೆ ಹೆಸರು ಬದಲಿಸುವುದು ದೊಡ್ಡ ರಗಳೆಯ ಕೆಲಸ.

ವಿಳಾಸವನ್ನು ಒಮ್ಮೆ ನೋಟ್‌ಬುಕ್‌ನಲ್ಲಿ ಸರಿಯಾಗಿ ಬರೆದು, ಅದನ್ನೇ ಅಕ್ಷರಶಃ ಎಲ್ಲೆಡೆ ಹಾಕಿ. ಅಂಗಡಿ ಸಂಖ್ಯೆ, ರಸ್ತೆ, ಹತ್ತಿರದ ಗುರುತು, ಪಿನ್ ಕೋಡ್ ಎಲ್ಲವೂ ಇರಲಿ. ತಿಂಡಿ ತಿನಿಸು ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೀಡಿದ 14 ಅಂಕಿಯ ಸಂಖ್ಯೆಯನ್ನೂ ನೋಟ್‌ಬುಕ್‌ನ ಇದೇ ಪುಟದಲ್ಲಿ ಬರೆದಿಟ್ಟುಕೊಂಡು ಖಾತೆಗಳ ಪರಿಚಯದಲ್ಲಿ ಕಾಣಿಸಿದರೆ ಗ್ರಾಹಕರ ವಿಶ್ವಾಸ ಹೆಚ್ಚುತ್ತದೆ.

ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಪುಟ

ಈಗ ಜೋಡಣೆಯ ಕೆಲಸ. ಆಪ್‌ಗಳ ಮೆನು ಆಗಾಗ ಜಾಗ ಬದಲಿಸುತ್ತಿರುತ್ತದೆ. ಇಲ್ಲಿ ಹೇಳಿದ ಹೆಸರು ಹೇಳಿದ ಕಡೆ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿರುವ ಹುಡುಕುವ ಪಟ್ಟಿಯಲ್ಲಿ ಅದನ್ನು ಬರೆದು ನೋಡಿ.

ಮೊದಲ ಹಂತದಲ್ಲಿ ಇನ್‌ಸ್ಟಾಗ್ರಾಂ ಖಾತೆಯನ್ನು ವೃತ್ತಿಪರ ಖಾತೆಯಾಗಿ ಬದಲಿಸಬೇಕು. ಪ್ರೊಫೈಲ್‌ನ ಮೇಲ್ಗಡೆಯ ಮೂರು ಗೆರೆಗಳನ್ನು ಒತ್ತಿ, ಅಕೌಂಟ್ ಟೈಪ್ ಅಂಡ್ ಟೂಲ್ಸ್ ಎಂಬಲ್ಲಿ ಸ್ವಿಚ್ ಟು ಪ್ರೊಫೆಷನಲ್ ಅಕೌಂಟ್ ಆರಿಸಿ. ಕ್ರಿಯೇಟರ್, ಬಿಸಿನೆಸ್ ಎಂಬ ಎರಡು ಆಯ್ಕೆಗಳಲ್ಲಿ ಅಂಗಡಿಯವರಿಗೆ ಬಿಸಿನೆಸ್ ಸರಿ, ಏಕೆಂದರೆ ವಿಳಾಸ, ಫೋನ್, ಕೆಲಸದ ವಿವರಗಳನ್ನು ತೋರಿಸಲು ಅದು ಹೊಂದುತ್ತದೆ. ಎರಡು ಪರಿಣಾಮಗಳನ್ನು ಮೊದಲೇ ತಿಳಿದಿರಿ. ವೃತ್ತಿಪರ ಖಾತೆಯನ್ನು ಖಾಸಗಿಯಾಗಿ ಇಟ್ಟುಕೊಳ್ಳಲಾಗದು, ಆದ್ದರಿಂದ ಮಕ್ಕಳ, ಮನೆಯವರ ಹಳೆಯ ಚಿತ್ರಗಳಿದ್ದರೆ ಮುಂಚೆಯೇ ತೆಗೆದುಬಿಡಿ. ಹಾಗೆಯೇ, ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳೂ ಸೇರಿದಂತೆ ಅನೇಕ ಜನಪ್ರಿಯ ಹಾಡುಗಳು ರೀಲ್ಸ್‌ಗೆ ಸಿಗುವುದಿಲ್ಲ. ವಾಣಿಜ್ಯ ಬಳಕೆಗೆ ಅನುಮತಿಯಿರುವ ಸಂಗೀತವನ್ನಷ್ಟೇ ಬಳಸಬೇಕಾಗುತ್ತದೆ. ಇದನ್ನು ತೊಂದರೆಯೆಂದು ತಿಳಿಯಬೇಕಿಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಸದ್ದು, ಬೆಲ್ಲ ತಯಾರಿಸುವವರ ಮಾತು ಯಾವ ಹಾಡಿಗಿಂತಲೂ ಚೆನ್ನಾಗಿ ಗ್ರಾಹಕರನ್ನು ಹಿಡಿದಿಡುತ್ತವೆ.

ಎರಡನೆಯ ಹಂತ ಪುಟದೊಂದಿಗೆ ಬೆಸೆಯುವುದು. ಎಡಿಟ್ ಪ್ರೊಫೈಲ್ ತೆರೆದು, ವ್ಯಾಪಾರದ ಸಾರ್ವಜನಿಕ ಮಾಹಿತಿಯ ಕೆಳಗೆ ಪೇಜ್ ಎಂಬಲ್ಲಿ ನಿಮ್ಮ ಪುಟವನ್ನು ಆರಿಸಿ. ಪುಟದ ಕಡೆಯಿಂದ ಹೋಗುವುದಾದರೆ ಪುಟದ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ಡ್ ಅಕೌಂಟ್ಸ್ ಎಂಬುದರ ಅಡಿ ಇನ್‌ಸ್ಟಾಗ್ರಾಂ ಸೇರಿಸಬಹುದು. ಎರಡೂ ದಾರಿ ಒಂದೇ ಕಡೆ ಸೇರುತ್ತವೆ. ಒಂದು ಪುಟಕ್ಕೆ ಒಂದೇ ಇನ್‌ಸ್ಟಾಗ್ರಾಂ ಖಾತೆ, ಒಂದು ಇನ್‌ಸ್ಟಾಗ್ರಾಂ ಖಾತೆಗೆ ಒಂದೇ ಪುಟ ಎಂಬುದು ನಿಯಮ. ಜೋಡಿಸುವವರಿಗೆ ಪುಟದ ಮೇಲೆ ಅಧಿಕಾರವಿಲ್ಲದಿದ್ದರೆ ಪಟ್ಟಿಯಲ್ಲಿ ಪುಟದ ಹೆಸರೇ ಕಾಣುವುದಿಲ್ಲ. ಹೆಸರು ಕಾಣಲಿಲ್ಲವೆಂದು ಆ ಗಡಿಬಿಡಿಯಲ್ಲಿ ಹೊಸ ಪುಟ ತೆರೆಯಬೇಡಿ. ಒಂದೇ ಅಂಗಡಿಗೆ ಎರಡು ಮೂರು ಪುಟಗಳು ಹುಟ್ಟಿಕೊಳ್ಳುವುದು ಹೀಗೆ. ಹಿಂದಕ್ಕೆ ಹೋಗಿ ಪೇಜ್ ಆಕ್ಸೆಸ್ ಸರಿಪಡಿಸಿಕೊಂಡು ಬನ್ನಿ.

ಮೂರನೆಯ ಹಂತವೇ ಹೆಚ್ಚು ಗೊಂದಲ ಉಂಟುಮಾಡುವಂಥದ್ದು. ಅಕೌಂಟ್ಸ್ ಸೆಂಟರ್ ಎಂಬ ಇನ್ನೊಂದು ಜಾಗ ಮೆಟಾದ ಆಪ್‌ಗಳಲ್ಲಿದೆ. ಪುಟದ ಜೊತೆಗಿನ ಜೋಡಣೆ ಬೇರೆ, ಅಕೌಂಟ್ಸ್ ಸೆಂಟರ್‌ನಲ್ಲಿ ಖಾತೆಗಳನ್ನು ಸೇರಿಸುವುದು ಬೇರೆ. ಅಕೌಂಟ್ಸ್ ಸೆಂಟರ್ ವ್ಯಕ್ತಿಯ ಖಾತೆಗಳನ್ನು ಒಂದೆಡೆ ಇಡುತ್ತದೆ, ಅಂದರೆ ನಿಮ್ಮ ಸ್ವಂತ ಫೇಸ್‌ಬುಕ್ ಪ್ರೊಫೈಲ್ ಕೂಡ ಅಲ್ಲಿ ಬರುತ್ತದೆ. ಪ್ರೊಫೈಲ್‌ಗಳ ನಡುವೆ ಹಂಚಿಕೊಳ್ಳುವ ಆಯ್ಕೆಯಲ್ಲಿ, ಇನ್‌ಸ್ಟಾಗ್ರಾಂನಿಂದ ಪೋಸ್ಟ್ ಎಲ್ಲಿಗೆ ಹೋಗಬೇಕೆಂದು ಕೇಳಿದಾಗ ಸ್ವಂತ ಪ್ರೊಫೈಲ್ ಆರಿಸಿದ್ದರೆ, ಸಾರಿನ ಪುಡಿಯ ಜಾಹೀರಾತೆಲ್ಲ ನೆಂಟರಿಷ್ಟರ ಮುಂದೆ ಬೀಳುತ್ತದೆಯೇ ಹೊರತು ಪುಟಕ್ಕೆ ಹೋಗುವುದಿಲ್ಲ. ಪುಟದಲ್ಲಿ ತಿಂಗಳುಗಟ್ಟಲೆ ಏನೂ ಕಾಣುತ್ತಿಲ್ಲ ಎಂದು ಚಿಂತಿಸುವವರು ಮೊದಲು ನೋಡಬೇಕಾದ ಜಾಗ ಇದು. ಗುರಿಯಾಗಿ ಪುಟವನ್ನೇ ಆರಿಸಿ. ಒಂದು ಖಾತೆಯಿಂದ ಇನ್ನೊಂದಕ್ಕೆ ಲಾಗಿನ್ ಆಗಲು ಬಿಡುವ ಅನುಕೂಲವನ್ನು ನಾನು ಬೇಡವೆನ್ನುತ್ತೇನೆ. ಒಂದು ಖಾತೆಯ ಪಾಸ್‌ವರ್ಡ್ ಕದ್ದವರಿಗೆ ಉಳಿದ ಖಾತೆಗಳ ಬಾಗಿಲೂ ತೆರೆದುಕೊಳ್ಳುವಂತೆ ನಾವೇ ಮಾಡಿಕೊಡುವುದು ತರವಲ್ಲ.

ಇಷ್ಟಾದ ಮೇಲೆ ಮೆಟಾ ಬಿಸಿನೆಸ್ ಸೂಟ್ ಎಂಬ ಉಚಿತ ಆಪ್ ಹಾಕಿಕೊಂಡರೆ ಫೇಸ್‌ಬುಕ್‌ನ ಮೆಸೆಂಜರ್ ಮತ್ತು ಇನ್‌ಸ್ಟಾಗ್ರಾಂ ಸಂದೇಶಗಳು ಒಂದೇ ಇನ್‌ಬಾಕ್ಸ್‌ನಲ್ಲಿ ಸಿಗುತ್ತವೆ. ಪೋಸ್ಟ್‌ಗಳನ್ನು ಮೊದಲೇ ಸಿದ್ಧಮಾಡಿ, ಹೊರಬೀಳಬೇಕಾದ ದಿನ ಮತ್ತು ಸಮಯವನ್ನು ನಿಗದಿಮಾಡಲೂ ಬರುತ್ತದೆ. ಅಂಗಡಿಯಲ್ಲಿ ಜನ ತುಂಬಿರುವ ಹಬ್ಬದ ವಾರಗಳಲ್ಲಿ ಇದು ಬಹಳ ಉಪಕಾರಿ.

ವಾಟ್ಸಾಪ್ ಕಡೆಗೆ ಹರಿಯುವ ದಾರಿ

ಎಲ್ಲ ಖಾತೆಗಳನ್ನೂ ಎಲ್ಲದರೊಂದಿಗೆ ಜೋಡಿಸಿದರೆ ಸಾಕು ಎಂದು ಕೆಲವರು ಭಾವಿಸುತ್ತಾರೆ. ಜೋಡಣೆಗೆ ಒಂದು ದಿಕ್ಕು ಇರಬೇಕು. ವಿಶ್ವೇಶ್ವರಯ್ಯ ನಾಲೆಯ ನೀರು ಎಷ್ಟು ಕವಲಾಗಿ ಹರಿದರೂ ಕೊನೆಗೆ ಗದ್ದೆ ಸೇರಿದರಷ್ಟೇ ಬೆಳೆಯಾಗುವಂತೆ, ಗ್ರಾಹಕರು ಯಾವ ಖಾತೆಯಿಂದ ಬಂದರೂ ಆರ್ಡರ್ ತೆಗೆದುಕೊಳ್ಳುವ ಜಾಗಕ್ಕೆ ತಲುಪಬೇಕು. ನಮ್ಮ ಕಡೆಯ ಸಣ್ಣ ವ್ಯಾಪಾರಗಳಿಗೆ ಆ ಜಾಗ ಬಹುಮಟ್ಟಿಗೆ ವಾಟ್ಸಾಪ್. ಬೆಲೆ ಕೇಳುವುದು, ಚಿತ್ರ ಕಳಿಸುವುದು, ವಿಳಾಸ ಕೊಡುವುದು, ಹಣ ಸಂದಾಯವಾಯಿತೆಂದು ತಿಳಿಸುವುದು ಎಲ್ಲವೂ ಅಲ್ಲೇ ನಡೆಯುತ್ತದೆ.

ಸಾಮಾನ್ಯ ವಾಟ್ಸಾಪ್ ಬದಲು 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಆಪ್ ಬಳಸಿ. ಅದು ಉಚಿತ. ಒಂದು ನಂಬರ್ ಏಕಕಾಲಕ್ಕೆ ಎರಡೂ ಆಪ್‌ಗಳಲ್ಲಿ ನಡೆಯುವುದಿಲ್ಲವಾದ್ದರಿಂದ ಸ್ವಂತ ನಂಬರನ್ನು ಅಲ್ಲಿಗೆ ಒಯ್ದರೆ ಮನೆಯ ಗುಂಪುಗಳೂ ಗ್ರಾಹಕರ ಮಾತುಗಳೂ ಒಂದರಲ್ಲೊಂದು ಬೆರೆತುಹೋಗುತ್ತವೆ. ಎರಡು ಸಿಮ್ ಇರುವ ಫೋನಿನಲ್ಲಿ ಒಂದು ನಂಬರಿಗೆ ಸಾಮಾನ್ಯ ವಾಟ್ಸಾಪ್, ಇನ್ನೊಂದಕ್ಕೆ ಬಿಸಿನೆಸ್ ಆಪ್ ಇಟ್ಟುಕೊಳ್ಳಬಹುದು. ಬಹುಕಾಲದಿಂದ ಬೋರ್ಡಿನ ಮೇಲೆ ಸ್ಥಿರ ದೂರವಾಣಿ ಸಂಖ್ಯೆ ಬರೆಸಿರುವ ಹಳೆಯ ಅಂಗಡಿಗಳು ಆ ಸಂಖ್ಯೆಯನ್ನೇ ನೋಂದಾಯಿಸಲೂಬಹುದು. ನೋಂದಣಿಯ ವೇಳೆ ಎಸ್‌ಎಂಎಸ್ ಬದಲು ಕರೆಯ ಮೂಲಕ ಕೋಡ್ ಕೇಳುವ ಆಯ್ಕೆ ಒತ್ತಿದರೆ ಸಾಕು.

ನೋಂದಣಿಯ ಬಳಿಕ ಬಿಸಿನೆಸ್ ಪ್ರೊಫೈಲ್‌ನಲ್ಲಿ ವಿಳಾಸ, ಅಂಗಡಿ ತೆರೆದಿರುವ ಸಮಯ, ಇಮೇಲ್ ತುಂಬಿ. ವೆಬ್‌ಸೈಟ್‌ಗೆಂದು ಇರುವ ಜಾಗದಲ್ಲಿ ನಿಮ್ಮ ಇನ್‌ಸ್ಟಾಗ್ರಾಂ ಮತ್ತು ಮ್ಯಾಪ್‌ನ ಲಿಂಕ್ ಹಾಕಬಹುದು. ಸರಕುಗಳ ಚಿತ್ರ, ಬೆಲೆ ತೋರಿಸುವ ಪಟ್ಟಿಯಾದ ಕ್ಯಾಟಲಾಗ್‌ನಲ್ಲಿ 500 ವಸ್ತುಗಳವರೆಗೆ ಸೇರಿಸಲು ಅವಕಾಶವಿದ್ದರೂ ಹೆಚ್ಚು ಮಾರಾಟವಾಗುವ ಹದಿನೈದಿಪ್ಪತ್ತರಿಂದ ಆರಂಭಿಸುವುದು ವಿವೇಕ, ಏಕೆಂದರೆ ಬೆಲೆ ಬದಲಾದಾಗಲೆಲ್ಲ ತಿದ್ದಬೇಕಾಗುತ್ತದೆ. ವಾಟ್ಸಾಪ್‌ನ ವಾಣಿಜ್ಯ ನಿಯಮಗಳು ಜೀವಂತ ಪ್ರಾಣಿಗಳ ಮಾರಾಟವನ್ನೂ ಔಷಧಿಗಳ ಮಾರಾಟವನ್ನೂ ಒಪ್ಪುವುದಿಲ್ಲ. ಬನ್ನೂರು ಕುರಿ, ನಾಟಿ ಕೋಳಿ ಸಾಕಿ ಮಾರುವ ನಮ್ಮ ರೈತರು ಇದನ್ನು ಗಮನಿಸಬೇಕು. ಅವನ್ನು ಕ್ಯಾಟಲಾಗ್‌ಗೆ ಹಾಕಿದರೆ ಪಟ್ಟಿ ತಿರಸ್ಕೃತವಾಗಬಹುದು, ಖಾತೆಗೇ ನಿರ್ಬಂಧ ಬರಬಹುದು.

ಈಗ ವಾಟ್ಸಾಪ್ ಅನ್ನು ಪುಟಕ್ಕೆ ಬೆಸೆಯಿರಿ. ಫೇಸ್‌ಬುಕ್ ಪುಟದ ಲಿಂಕ್ಡ್ ಅಕೌಂಟ್ಸ್‌ನಲ್ಲಿ ವಾಟ್ಸಾಪ್ ಆರಿಸಿ ನಂಬರ್ ಕೊಟ್ಟರೆ ಒಂದು ಕೋಡ್ ಬರುತ್ತದೆ. ಅದನ್ನು ತುಂಬಿದ ಮೇಲೆ ಪುಟದ ಮುಖ್ಯ ಗುಂಡಿಯನ್ನು ವಾಟ್ಸಾಪ್ ಸಂದೇಶ ಕಳಿಸುವ ಗುಂಡಿಯಾಗಿ ಬದಲಿಸಿ. ಇನ್‌ಸ್ಟಾಗ್ರಾಂನಲ್ಲಿಯೂ ಎಡಿಟ್ ಪ್ರೊಫೈಲ್‌ನ ಸಂಪರ್ಕದ ಆಯ್ಕೆಗಳಲ್ಲಿ ವಾಟ್ಸಾಪ್ ನಂಬರ್ ಸೇರಿಸಬಹುದು.

ಮೆಟಾದ ಹೊರಗೆ, ಅಂದರೆ ಯೂಟ್ಯೂಬ್, ಗೂಗಲ್, ಮುದ್ರಿತ ಕರಪತ್ರ ಮುಂತಾದ ಕಡೆ ಬಳಸಲು ವಾಟ್ಸಾಪ್ ಬಿಸಿನೆಸ್‌ನ ಬಿಸಿನೆಸ್ ಟೂಲ್ಸ್‌ನಲ್ಲಿ ಶಾರ್ಟ್ ಲಿಂಕ್ ಸಿದ್ಧವಾಗಿ ಸಿಗುತ್ತದೆ. ಅದನ್ನು ಒತ್ತಿದವರಿಗೆ ನಂಬರ್ ಉಳಿಸಿಕೊಳ್ಳದೆಯೇ ನೇರವಾಗಿ ನಿಮ್ಮೊಂದಿಗಿನ ಮಾತುಕತೆ ತೆರೆಯುತ್ತದೆ. ಡಬ್ಲ್ಯೂಎ ಡಾಟ್ ಎಂಇ ಎಂಬ ವಾಟ್ಸಾಪ್ ವಿಳಾಸದ ಮುಂದೆ ಓರೆಗೆರೆ ಹಾಕಿ ನಂಬರ್ ಬರೆದು ನೀವೇ ಲಿಂಕ್ ಮಾಡಿಕೊಳ್ಳುವುದಾದರೆ, ದೇಶದ ಸಂಖ್ಯೆಯಾದ 91 ಮೊದಲು ಬರಬೇಕು. ಕೂಡುವ ಚಿಹ್ನೆ, ಸೊನ್ನೆ, ನಡುವೆ ಖಾಲಿ ಜಾಗ ಯಾವುದೂ ಇರಬಾರದು. ಲಿಂಕ್ ಕೆಲಸ ಮಾಡುತ್ತಿಲ್ಲ ಎಂಬ ದೂರಿಗೆ ಹೆಚ್ಚಿನ ಪಾಲು ಕಾರಣ ಇದೇ.

ಇದರಲ್ಲಿ ಒಂದು ಉಪಾಯವಿದೆ, ಅದನ್ನು ಎಲ್ಲರೂ ಬಳಸಬೇಕೆಂಬುದು ನನ್ನ ಆಸೆ. ಆ ಲಿಂಕ್‌ನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಟೆಕ್ಸ್ಟ್ ಎಂಬ ಪದವನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಬರೆದು, ಸಮ ಚಿಹ್ನೆಯ ನಂತರ ಒಂದು ಪದ ಸೇರಿಸಿದರೆ, ಗ್ರಾಹಕರ ಸಂದೇಶದ ಪೆಟ್ಟಿಗೆಯಲ್ಲಿ ಆ ಪದ ಮೊದಲೇ ತುಂಬಿಕೊಂಡು ಬರುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಹಾಕುವ ಲಿಂಕ್‌ಗೆ ಒಂದು ಪದ, ಯೂಟ್ಯೂಬ್‌ಗೆ ಇನ್ನೊಂದು, ಅಂಗಡಿಯ ಗಲ್ಲಾ ಪಕ್ಕದ ಕ್ಯೂಆರ್ ಕೋಡ್‌ಗೆ ಮತ್ತೊಂದು ಪದ ಕೊಟ್ಟರೆ, ಯಾವ ಗ್ರಾಹಕರು ಎಲ್ಲಿಂದ ಬಂದರೆಂಬುದು ಮೊದಲ ಸಂದೇಶದಲ್ಲೇ ತಿಳಿಯುತ್ತದೆ. ತಿಂಗಳ ಕೊನೆಗೆ ಎಣಿಸಿದಾಗ ಯಾವ ಖಾತೆಗೆ ಶ್ರಮ ಹಾಕಬೇಕು, ಯಾವುದನ್ನು ಕಡಿಮೆ ಮಾಡಬಹುದು ಎಂದು ತೀರ್ಮಾನಿಸಲು ಇದಕ್ಕಿಂತ ಸರಳ ಲೆಕ್ಕ ಬೇರೊಂದಿಲ್ಲ.

ಇನ್‌ಸ್ಟಾಗ್ರಾಂ ಬಯೋದಲ್ಲಿ, ಅಂದರೆ ಪ್ರೊಫೈಲ್‌ನ ಪರಿಚಯದ ಸಾಲುಗಳಲ್ಲಿ, 5 ಲಿಂಕ್‌ಗಳವರೆಗೆ ಹಾಕಬಹುದು. ಆದರೆ ಒಂದಕ್ಕಿಂತ ಹೆಚ್ಚಾದಾಗ ಮೊದಲನೆಯದು ಮಾತ್ರ ಕಣ್ಣಿಗೆ ಬಿದ್ದು, ಉಳಿದವು ಅದರ ಹಿಂದೆ ಅಡಗುತ್ತವೆ. ಮೊದಲನೆಯದು ವಾಟ್ಸಾಪ್ ಆಗಿರಲಿ, ಎರಡನೆಯದು ಮ್ಯಾಪ್. ಪೋಸ್ಟ್‌ನ ಕೆಳಗಿನ ಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲವೆಂಬುದು ನೆನಪಿರಲಿ. ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ ಮೂಲಕ ಹಾಕಿದರೆ ತೆರೆಯುತ್ತದೆ.

ಗೂಗಲ್ ಮತ್ತು ಯೂಟ್ಯೂಬ್

ಮೈಸೂರಿಗೆ ಬರುವ ಪ್ರವಾಸಿಗರು ಇನ್‌ಸ್ಟಾಗ್ರಾಂಗಿಂತ ಮೊದಲು ಮ್ಯಾಪ್ ತೆರೆಯುತ್ತಾರೆ. ಆದ್ದರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್ ಅನ್ನು ಕಡೆಗಣಿಸಬಾರದು. ಗೂಗಲ್‌ನಲ್ಲಿ ನಿಮ್ಮ ಅಂಗಡಿಯ ಹೆಸರು ಈಗಾಗಲೇ ಇದೆಯೇ ಎಂದು ಹುಡುಕಿ. ಯಾರೋ ಗ್ರಾಹಕರು ಸೇರಿಸಿದ್ದರೆ ಅದನ್ನೇ ನಿಮ್ಮದೆಂದು ಕ್ಲೇಮ್ ಮಾಡಿ, ಇಲ್ಲದಿದ್ದರೆ ಹೊಸದಾಗಿ ಸೇರಿಸಿ. ಅಂಗಡಿ ನಿಮ್ಮದೇ ಎಂಬುದಕ್ಕೆ ಗೂಗಲ್ ಫೋನ್ ಮೂಲಕವೋ ವಿಡಿಯೋ ಮೂಲಕವೋ ಸಾಕ್ಷ್ಯ ಕೇಳುತ್ತದೆ. ವಿಡಿಯೋ ಕೇಳಿದರೆ ರಸ್ತೆ, ಬೋರ್ಡು, ಅಂಗಡಿಯ ಒಳಭಾಗ, ನೀವು ಬೀಗ ತೆಗೆಯುವುದು ಅಥವಾ ಗಲ್ಲಾ ಬಳಸುವುದು ಎಲ್ಲವೂ ಒಂದೇ ಓಟದಲ್ಲಿ ಕಾಣುವಂತೆ ಚಿತ್ರಿಸಿ. ಮನೆಯಿಂದಲೇ ವ್ಯಾಪಾರ ಮಾಡುವ ಮಹಿಳೆಯರು ಮನೆಯ ವಿಳಾಸವನ್ನು ಮರೆಮಾಡಿ, ಸರಕು ತಲುಪಿಸುವ ಪ್ರದೇಶಗಳನ್ನು ಮಾತ್ರ ತೋರಿಸಬಹುದು. ಅಂಥ 20 ಪ್ರದೇಶಗಳವರೆಗೆ ಸೇರಿಸಲು ಅವಕಾಶವಿದೆ.

ಅಂಗಡಿಯ ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರನ್ನಷ್ಟೇ ಬರೆಯಿರಿ. ಅತ್ಯುತ್ತಮ, ನಂಬರ್ ಒನ್, ಊರಿನ ಹೆಸರು, ಸರಕುಗಳ ಹೆಸರು ಎಲ್ಲ ಸೇರಿಸಿ ಉದ್ದಮಾಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಪ್ರೊಫೈಲ್ ಅಮಾನತಾಗುವ ಸಂಭವವಿದೆ. ಎಡಿಟ್ ಪ್ರೊಫೈಲ್‌ನ ಸಂಪರ್ಕದ ಭಾಗದಲ್ಲಿ ಸೋಷಿಯಲ್ ಪ್ರೊಫೈಲ್ಸ್ ಎಂಬ ಆಯ್ಕೆ ಇದ್ದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಿಗೆ ತಲಾ ಒಂದೊಂದು ಲಿಂಕ್ ಕೊಡಿ.

ಯೂಟ್ಯೂಬ್ ಚಾನೆಲ್ ಇರುವವರು ಯೂಟ್ಯೂಬ್ ಸ್ಟುಡಿಯೋದಲ್ಲಿ ಚಾನೆಲ್‌ನ ಲಿಂಕ್‌ಗಳ ಜಾಗವನ್ನು ತುಂಬಿದರೆ ಸಾಕು. ಯೂಟ್ಯೂಬ್‌ನ ಕಿರು ವಿಡಿಯೋಗಳಾದ ಶಾರ್ಟ್ಸ್‌ನ ವಿವರಣೆ ಮತ್ತು ಕಾಮೆಂಟ್‌ಗಳಲ್ಲಿ ಹಾಕಿದ ಲಿಂಕ್‌ಗಳು 2023ರ ಆಗಸ್ಟ್ ಕೊನೆಯಿಂದ ಒತ್ತಿದರೆ ತೆರೆಯುವುದಿಲ್ಲ, ಹಾಗಾಗಿ ಶಾರ್ಟ್ಸ್ ನೋಡಿದವರು ಚಾನೆಲ್‌ಗೆ ಬಂದು ಅಲ್ಲಿಂದ ಲಿಂಕ್ ಹಿಡಿಯಬೇಕು. ಅದನ್ನು ವಿಡಿಯೋದಲ್ಲಿ ಬಾಯಿಮಾತಿನಲ್ಲೇ ಹೇಳಿಬಿಡಿ. ಚಾನೆಲ್ ಇಲ್ಲದವರು ಜೋಡಣೆಗೋಸ್ಕರ ಹೊಸದಾಗಿ ತೆರೆಯಬೇಕಾದ ಅಗತ್ಯವಿಲ್ಲ. ಖಾಲಿ ಚಾನೆಲ್‌ಗೆ ಲಿಂಕ್ ಕೊಡುವುದಕ್ಕಿಂತ ಕೊಡದಿರುವುದು ಮೇಲು.

ಒಂದೇ ಪೋಸ್ಟ್ ಎಲ್ಲ ಕಡೆಗೆ ಬೇಕೇ

ಜೋಡಣೆ ಆದೊಡನೆ ಎಲ್ಲವನ್ನೂ ತಾನಾಗಿ ಎಲ್ಲ ಕಡೆಗೆ ಕಳಿಸುವ ಆಸೆ ಸಹಜ. ಹೊಸ ಸರಕು, ಬೆಲೆ, ರಜೆ, ಸಮಯ ಬದಲಾವಣೆ ಇವುಗಳಿಗೆ ಅದು ಸರಿ. ಉಳಿದವಕ್ಕೆ ಸ್ವಲ್ಪ ಯೋಚಿಸಬೇಕು. ಲಿಂಕ್ ಬಯೋದಲ್ಲಿದೆ ಎಂದು ಇನ್‌ಸ್ಟಾಗ್ರಾಂಗೆ ಬರೆದ ಸಾಲು ಫೇಸ್‌ಬುಕ್‌ಗೆ ಹೋದಾಗ ಅರ್ಥವಿಲ್ಲದ್ದಾಗುತ್ತದೆ. ಅಲ್ಲಿ ಲಿಂಕ್ ಅನ್ನು ಬರಹದಲ್ಲೇ ಕೊಡಬಹುದು. ಹ್ಯಾಶ್‌ಟ್ಯಾಗ್‌ಗಳ ಸಾಲು ಫೇಸ್‌ಬುಕ್ ಓದುಗರಿಗೆ ಕಿರಿಕಿರಿ. ನಮ್ಮ ಕಡೆ ಫೇಸ್‌ಬುಕ್‌ನಲ್ಲಿ ಹಿರಿಯರು ಹೆಚ್ಚು, ಅವರು ಎರಡು ಮೂರು ವಾಕ್ಯಗಳ ಕನ್ನಡ ವಿವರಣೆಯನ್ನು ಆಸಕ್ತಿಯಿಂದ ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ಚಿತ್ರ ಒಂದೇ ಇರಲಿ, ಬರಹವನ್ನು ಪುಟಕ್ಕೆ ತಕ್ಕಂತೆ ತಿದ್ದಿ ಹಾಕುವ ಶ್ರಮ ವ್ಯರ್ಥವಾಗುವುದಿಲ್ಲ.

ಪರೀಕ್ಷೆ, ಮೋಸ, ಮತ್ತು ಮುಂದಿನ ನಿಗಾ

ಎಲ್ಲ ಮುಗಿದ ಮೇಲೆ ನಿಮ್ಮ ಫೋನಿನಿಂದ ನೋಡಿ ತೃಪ್ತಿಪಡಬೇಡಿ. ನಿಮ್ಮ ಖಾತೆಗಳೊಂದಿಗೆ ಯಾವ ಸಂಬಂಧವೂ ಇಲ್ಲದ ಒಬ್ಬರ ಫೋನ್ ತೆಗೆದುಕೊಂಡು, ಅಂಗಡಿಯ ಹೆಸರನ್ನು ಗೂಗಲ್‌ನಲ್ಲಿ ಹುಡುಕುವುದರಿಂದ ಆರಂಭಿಸಿ. ಅಲ್ಲಿಂದ ಇನ್‌ಸ್ಟಾಗ್ರಾಂಗೆ, ಇನ್‌ಸ್ಟಾಗ್ರಾಂನಿಂದ ವಾಟ್ಸಾಪ್‌ಗೆ, ಫೇಸ್‌ಬುಕ್ ಪುಟದಿಂದ ವಾಟ್ಸಾಪ್‌ಗೆ ಹೋಗಿ, ಒಂದು ಸಂದೇಶ ಕಳಿಸಿ ಅದು ಬಂತೇ ಎಂದು ನೋಡಿ. ವಯಸ್ಸಾದವರೊಬ್ಬರ ಕೈಗೆ ಫೋನ್ ಕೊಟ್ಟು, ಹೇಳಿಕೊಡದೆ, ಬೆಲೆ ಕೇಳಲು ಹೇಳಿದರೆ ಇನ್ನೂ ಒಳ್ಳೆಯದು. ಅವರು ತಡವರಿಸುವ ಜಾಗವೇ ನೀವು ತಿದ್ದಬೇಕಾದ ಜಾಗ.

ಖಾತೆಗಳು ಜೋಡಣೆಯಾಗಿ ಚೆನ್ನಾಗಿ ಕಾಣತೊಡಗಿದ ಮೇಲೆ ಮೋಸದ ಸಂದೇಶಗಳು ಬರತೊಡಗುತ್ತವೆ. ನಿಮ್ಮ ಪುಟ ಹಕ್ಕುಸ್ವಾಮ್ಯ ಉಲ್ಲಂಘಿಸಿದೆ, 24 ಗಂಟೆಯೊಳಗೆ ಈ ಲಿಂಕ್ ಒತ್ತದಿದ್ದರೆ ಅಳಿಸಲಾಗುವುದು ಎಂಬ ಧಾಟಿಯ ಸಂದೇಶ ಮೆಸೆಂಜರ್‌ನಲ್ಲಿ ಬಂದರೆ ಲಿಂಕ್ ಒತ್ತಬೇಡಿ. ಕಂಪನಿಯ ನಿಜವಾದ ಸೂಚನೆ ಇದ್ದರೆ ಅದು ಪುಟದ ಸೆಟ್ಟಿಂಗ್ಸ್‌ನ ಒಳಗೇ ಕಾಣುತ್ತದೆ, ಅಲ್ಲಿ ಹೋಗಿ ನೋಡಿ. ಒಟಿಪಿಯನ್ನು, ವಾಟ್ಸಾಪ್‌ನ 6 ಅಂಕಿಯ ಕೋಡನ್ನು, ಯಾರು ಎಷ್ಟೇ ವಿನಯದಿಂದ ಕೇಳಿದರೂ ಹೇಳಬಾರದು. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ಪಟ್ಟಿಯನ್ನು ಆಗಾಗ ತೆರೆದು, ನಿಮಗೆ ಗೊತ್ತಿಲ್ಲದ ಸಾಧನವಿದ್ದರೆ ಕೂಡಲೇ ತೆಗೆದುಹಾಕಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೆಲಸದವರು ಬಿಟ್ಟುಹೋಗುವ ದಿನ ಅವರ ಲೆಕ್ಕ ಚುಕ್ತಾ ಮಾಡುವ ಜೊತೆಗೇ ಪುಟದ ಅಧಿಕಾರ, ಗೂಗಲ್ ಪ್ರೊಫೈಲ್‌ನ ಮ್ಯಾನೇಜರ್ ಸ್ಥಾನ, ಯೂಟ್ಯೂಬ್‌ನ ಅನುಮತಿ, ಅವರ ಫೋನಿಗೆ ಲಿಂಕ್ ಆಗಿರುವ ವಾಟ್ಸಾಪ್ ಇವನ್ನೆಲ್ಲ ತೆಗೆದು, ಅವರಿಗೆ ಗೊತ್ತಿದ್ದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಇದನ್ನು ಅಪನಂಬಿಕೆ ಎಂದು ಭಾವಿಸದಂತೆ ಅವರ ಎದುರಿಗೇ ಮಾಡುವುದು ಸೌಜನ್ಯ.

ವರ್ಷಕ್ಕೆ ಒಮ್ಮೆಯಾದರೂ, ದಸರಾಕ್ಕೆ ಮೂರು ನಾಲ್ಕು ವಾರ ಮುಂಚೆ, ನೋಟ್‌ಬುಕ್ ತೆರೆದು ಎಲ್ಲ ಲಿಂಕ್‌ಗಳನ್ನೂ ಒಮ್ಮೆ ಒತ್ತಿ ನೋಡಿ. ಜಂಬೂಸವಾರಿಯ ದಿನ ಅರಮನೆಯ ಸುತ್ತಲಿನ ರಸ್ತೆಗಳಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಆ ಭಾಗದ ಅಂಗಡಿಗಳ ಸಮಯವೇ ಬೇರೆಯಾಗಿರುತ್ತದೆ. ಗೂಗಲ್ ಪ್ರೊಫೈಲ್‌ನಲ್ಲಿ ವಿಶೇಷ ದಿನಗಳ ಸಮಯ ನಮೂದಿಸಲು ಪ್ರತ್ಯೇಕ ಜಾಗವಿದೆ, ಅದನ್ನು ತುಂಬಿ. ನೀವಿಲ್ಲದಾಗ ಗ್ರಾಹಕರಿಗೆ ತಾನಾಗಿ ಹೋಗುವ ಉತ್ತರವಾದ ವಾಟ್ಸಾಪ್ ಬಿಸಿನೆಸ್‌ನ ಅವೇ ಮೆಸೇಜ್‌ನಲ್ಲಿ, ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ವಾಹನ ಎಲ್ಲಿ ನಿಲ್ಲಿಸಬಹುದು, ಪಾರ್ಸೆಲ್ ಯಾವ ದಿನದಿಂದ ಮತ್ತೆ ಹೊರಡುತ್ತದೆ ಎಂದು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದಿಟ್ಟು, ಫೇಸ್‌ಬುಕ್ ಪುಟ ಮತ್ತು ಇನ್‌ಸ್ಟಾಗ್ರಾಂನಲ್ಲೂ ಅದೇ ಸಮಯ ಕಾಣುವಂತೆ ತಿದ್ದಿ.